ಅಣ್ಣ ಅದಲುಬದಲು ಮಾಡಿದ ನಾಲ್ಕು ತಂತಿ

ನಾನು ಆ ದಿನ ತೇನಿಗೆ ಹೋಗಲಿಲ್ಲ. ಹೋಗುವುದೊಂದೇ ಮಾಡಬೇಕಾಗಿದ್ದ ಕೆಲಸ. ಕಂಬಂ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ತೇನಿ ಬಸ್ಸಿಗೆ ಬರವಿಲ್ಲ. ಒಂದು ಹೊರಡುವ ಮೊದಲೇ ಹಿಂದಿನದು ಹಾರನ್ ಹೊಡೆದು ಅದನ್ನು ದೂಡುತ್ತದೆ. ಹತ್ತಿ ಕೂತರೆ ಸಾಕು, ತಲುಪಿಸುವುದು ಡ್ರೈವರನ ಪಾಡು. ಅಂಥ ಕೆಲಸವನ್ನೂ ಮಾಡದೆ ಉಳಿದವನು ನಾನು. ಹೋಗಿದ್ದೆಯಾ ಎಂದು ಅಣ್ಣ ಕೇಳಿದಾಗ ಹೋಗಿದ್ದೆ ಎಂದು ತಲೆಯಾಡಿಸಿದೆ. ಬಾಯಲ್ಲಿ ಪಾಯಸವಿತ್ತು, ಮಾತಾಡಲು ಆಗಲಿಲ್ಲ ಎಂಬುದು ನನಗೆ ನಾನೇ ಹೇಳಿಕೊಂಡ ಸಮಾಧಾನ. ಆ ಪಾಯಸ ನುಂಗಿ ಎಷ್ಟೋ ವರ್ಷವಾಯಿತು. ಬಾಯಿ ಖಾಲಿಯಾದ ಮೇಲೂ ನಾನು ಮಾತಾಡಲಿಲ್ಲ.

ಅಣ್ಣ ಕಳೆದ ವರ್ಷ ತೀರಿಕೊಂಡ. ಬೆಳಗ್ಗೆ ಅಂಗಡಿಯ ಬಾಗಿಲೆತ್ತಿ, ಎದೆ ಉಜ್ಜಿಕೊಳ್ಳುತ್ತ ಸ್ಟೂಲಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಅವನ ಬಗ್ಗೆ ತಮಿಳುನಾಡಿನ ಈ ನಮ್ಮ ಕಂಬಂ ಕಣಿವೆಯ ಜನಕ್ಕೆ ಗೊತ್ತಿರುವುದು ಒಂದೇ ಕತೆ. ಆ ಕತೆಯಲ್ಲಿ ಅವನು ಕಿರುಕ್ಕು, ಅಂದರೆ ತಲೆ ಸರಿಯಿಲ್ಲದವನು. ಆ ಕತೆಯಲ್ಲಿ ನಾನು ಎಲ್ಲೂ ಇಲ್ಲ. ಇಲ್ಲದಂತೆ ನೋಡಿಕೊಂಡವನು ನಾನೇ.

ಬರೆಯಲು ಇವನಿಗೇನು ಯೋಗ್ಯತೆ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಎಂಟನೇ ಕ್ಲಾಸು, ಅದೂ ತಮಿಳಿನಲ್ಲಿ. ಮನೆಯೊಳಗೆ ಆಡುವುದು ಕನ್ನಡ. ಯಾವ ಕಾಲದಲ್ಲೋ ನಮ್ಮ ಹಿರಿಯರು ದನ ಹೊಡೆದುಕೊಂಡು ಇತ್ತ ಬಂದಾಗ ತಂದದ್ದು, ಆಮೇಲೆ ತಮಿಳು ಕುಡಿದು ಬೆಳೆದದ್ದು. ಅಕ್ಷರ ಕಲಿತದ್ದು ದ್ರಾಕ್ಷಿ ಲಾರಿಯ ಜೊತೆ ಮೈಸೂರು ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದಾಗ, ಅಂಗಡಿಗಳ ಬೋರ್ಡು ನೋಡಿ. ಆಮೇಲೆ ಅಲ್ಲಿಂದ ತಂದ ಹಳೆಯ ವಾರಪತ್ರಿಕೆಗಳನ್ನು ಓದಿ. ನನ್ನ ಬರಹ ನೋಡಿ ಅಣ್ಣ ಒಮ್ಮೆ ಹೇಳಿದ್ದ: "ಲೇ ತಮ್ಮಾ, ನಿನ್ ಅಕ್ಷರಕ್ಕೆಲ್ಲ ಕಾಲು ಮುರ್ದೋಗೈತೆ. ಆಸ್ಪತ್ರೆಗೆ ಸೇರ್ಸು."

ಅಣ್ಣನದು ಮದುವೆ ವೀಡಿಯೋ ತೆಗೆಯುವ ಕೆಲಸ. ನನ್ನದು ಅವನ ಹಿಂದೆ ಲೈಟು ಹಿಡಿದು ನಿಲ್ಲುವ ಕೆಲಸ. ಮದುವೆಮನೆಯಲ್ಲಿ ಎಲ್ಲರ ಮುಖವೂ ಬೆಳಗುವುದು ನನ್ನಿಂದಲೇ ಎಂದು ನಾನು ಬೀಗುತ್ತಿದ್ದೆ. ಊಟದ ಹೊತ್ತಿಗೆ ಮೊದಲ ಪಂಕ್ತಿಯಲ್ಲಿ ಕೂರುವ ಹಕ್ಕೂ ಅದರಿಂದಲೇ ಬಂತು ಎಂದು ಭಾವಿಸಿದ್ದೆ. ಅಣ್ಣ ಕೊನೆಯ ಪಂಕ್ತಿಯಲ್ಲಿ ತಣ್ಣಗಾದ ಅನ್ನ ತಿನ್ನುತ್ತಿದ್ದ.

ಅವನಿಗೊಂದು ಚಾಳಿಯಿತ್ತು. ಏನನ್ನಾದರೂ ಆಸೆಯಿಂದ ನೋಡುವಾಗ ಎಡಗಣ್ಣು ಮುಚ್ಚಿಬಿಡುತ್ತಿದ್ದ. ವರ್ಷಗಟ್ಟಲೆ ಬಲಗಣ್ಣನ್ನು ಕ್ಯಾಮೆರಾದ ವ್ಯೂಫೈಂಡರಿಗೆ ಒತ್ತಿಟ್ಟವನಿಗೆ ಎರಡೂ ಕಣ್ಣಿನಿಂದ ನೋಡುವುದು ದುಂದುವೆಚ್ಚದಂತೆ ಕಾಣುತ್ತಿತ್ತೋ ಏನೋ. ಒಮ್ಮೆ ಚಿನ್ನಮನೂರು ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಹೆಂಗಸಿನ ಕೆನ್ನೆಯ ಮೇಲೆ ಬಿಸಿಲು ಬಿದ್ದ ರೀತಿಯನ್ನು ಹಾಗೆ ನೋಡುತ್ತ ನಿಂತ. ಮಲ್ಲಿಗೆ ಅಳೆಯುತ್ತಿದ್ದ ಕೈಯನ್ನು ಅವಳು ಹಾಗೇ ಎತ್ತಿದಳು. "ಯೋವ್, ಯಾರೈಪ್ಪಾತ್ತು ಕಣ್ಣಡಿಕ್ಕಿರೇ?" ಯಾರನ್ನು ನೋಡಿ ಕಣ್ಣು ಹೊಡೆಯುತ್ತೀ ಎಂದು ಅವಳು ಕೂಗಿದ್ದಕ್ಕೆ ಅರ್ಧ ಬಸ್ ಸ್ಟ್ಯಾಂಡು ನಮ್ಮ ಕಡೆ ತಿರುಗಿತು. ನಾನು ನಡುವೆ ನುಗ್ಗಿ, ಅಕ್ಕಾ, ಅವನಿಗೆ ಹುಟ್ಟಿದಾಗಿನಿಂದ ಆ ಕಣ್ಣು ಕಾಣುವುದಿಲ್ಲ ಎಂದು ತಮಿಳಿನಲ್ಲಿ ಬೇಡಿಕೊಂಡೆ. ಅವಳಿಗೆ ಅಯ್ಯೋ ಎನಿಸಿ, ಮನೆಯ ದೇವರಿಗೆ ಎಂದು ಒಂದು ಮೊಳ ಹೂವನ್ನು ಪುಕ್ಕಟೆ ಕೊಟ್ಟಳು.

ಬಸ್ಸಿನಲ್ಲಿ ಅಣ್ಣ ಹೂವಿನ ಪೊಟ್ಟಣ ಮೂಸುತ್ತ ಹೇಳಿದ: "ಸುಳ್ಳಾಡೋದ್ರಲ್ಲಿ ನಿನ್ನ ಮೀರ್ಸೋರು ಇಲ್ಲೆ, ತಮ್ಮಾ."

ಇಬ್ಬರೂ ನಕ್ಕೆವು. ಆಗ ಅದು ಹೊಗಳಿಕೆಯಾಗಿತ್ತು.

ಅಣ್ಣನಿಗೆ ತನ್ನ ಕ್ಯಾಮೆರಾದ ಮೇಲೆ ಒಂದು ತಕರಾರಿತ್ತು. ಅದು ಎಲ್ಲವನ್ನೂ ತೋರಿಸುತ್ತಿತ್ತು. ಮದುಮಗಳ ಮೂಗುತಿಯೂ ಚೊಕ್ಕ, ಹಿಂದೆ ಆಕಳಿಸುವ ಮಾವನ ಬಾಯಿಯೂ ಚೊಕ್ಕ, ಅದರಾಚೆ ಎಂಜಲೆಲೆ ಎಳೆಯುವ ನಾಯಿಯೂ ಚೊಕ್ಕ. ಸಿನಿಮಾದಲ್ಲಿ ಹಾಗಲ್ಲ. ಅಲ್ಲಿ ಒಂದು ಮುಖ ಮಾತ್ರ ಎದ್ದು ಬರುತ್ತದೆ, ಉಳಿದದ್ದೆಲ್ಲ ಬೆಣ್ಣೆಯಂತೆ ಕರಗಿ ನಿಲ್ಲುತ್ತದೆ. "ಎಲ್ಲಾರ್ನೂ ನೋಡ್ತೀನಿ ಅಂತ ಓದ ಕಣ್ಣು ಆರ್ನೂ ನೋಡಾಕಿಲ್ಲೆ" ಎಂದು ಅಣ್ಣ ಹೇಳುತ್ತಿದ್ದ. ಆರು ಎಂದರೆ ನಮ್ಮ ಮಾತಿನಲ್ಲಿ ಯಾರು, ಓದ ಎಂದರೆ ಹೋದ. ಮದುವೆಮನೆಯವರಿಗೆ ಈ ಮಾತು ಹಿಡಿಸುತ್ತಿರಲಿಲ್ಲ. ಇಡೀ ಚಪ್ಪರಕ್ಕೆ ದುಡ್ಡು ಕೊಟ್ಟಿದ್ದೇವೆ, ನಮ್ಮ ಮಾವನೇಕೆ ಮಂಜಾಗಬೇಕು ಎಂಬುದು ಅವರ ನ್ಯಾಯ.

ಸಿನಿಮಾ ಕ್ಯಾಮೆರಾ ಕೊಳ್ಳುವ ಮಾತು ದೂರ. ಹಳೆಯ ಫೋಟೋ ಕ್ಯಾಮೆರಾದ ದೊಡ್ಡ ಲೆನ್ಸನ್ನು ವೀಡಿಯೋ ಕ್ಯಾಮೆರಾದ ಮುಂದೆ ಜೋಡಿಸಬಹುದು, ನಡುವೆ ಒಂದು ಮಸಕುಗಾಜು ಇಟ್ಟರೆ ಲೆನ್ಸಿನ ಚಿತ್ರ ಅದರ ಮೇಲೆ ಬೀಳುತ್ತದೆ, ಆ ಗಾಜನ್ನು ವೀಡಿಯೋ ಕ್ಯಾಮೆರಾ ನೋಡಿದರೆ ಸಿನಿಮಾದ ಬೆಣ್ಣೆ ಸಿಗುತ್ತದೆ ಎಂದು ಅಣ್ಣ ಯಾವುದೋ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ತಿಳಿದುಕೊಂಡ. ಇದಕ್ಕೆ ಲೆನ್ಸ್ ಅಡಾಪ್ಟರ್ ಎಂದು ಹೆಸರಂತೆ. ನಮ್ಮ ಮನೆಯಲ್ಲಿ ಅದರ ಹೆಸರು ಕೊಳವೆ. ಯಾಕೆಂದರೆ ಅಣ್ಣ ಅದನ್ನು ಮಾಡಿದ್ದು ಬಚ್ಚಲಿನ ಪ್ಲಾಸ್ಟಿಕ್ ಪೈಪಿನಿಂದ. ಲೆನ್ಸು ದಿಂಡುಗಲ್ಲಿನಲ್ಲಿ ಮುಚ್ಚಿಹೋಗುತ್ತಿದ್ದ ಒಂದು ಹಳೆಯ ಸ್ಟುಡಿಯೋದಿಂದ ಬಂತು. ಗಾಜನ್ನು ಮಸಕು ಮಾಡಲು ಮೆಕ್ಯಾನಿಕ್ಕುಗಳು ಇಂಜಿನ್ ವಾಲ್ವು ತೇಯಲು ಬಳಸುವ ಮರಳುಮರಳಾದ ಮುಲಾಮು ತಂದ. ತೇಯುವ ಕೆಲಸ ನನಗೆ ಕೊಟ್ಟ. ನಾನು ಅರ್ಧ ಗಂಟೆ ತೇದು, ಕೈ ನೋಯುತ್ತದೆಂದು ಅವ್ವನಿಗೆ ಕೊಟ್ಟೆ. ಅವ್ವ ಇಡ್ಲಿ ಹಿಟ್ಟು ರುಬ್ಬುವ ಕೈಯಲ್ಲಿ ಅದನ್ನು ದುಂಡಗೆ ತೇದು, ಹಾಲಿನ ಕೆನೆಯಂತೆ ಮಾಡಿಕೊಟ್ಟಳು. ಸಿನಿಮಾದ ಬೆಣ್ಣೆಯನ್ನು ತೆಗೆದವಳು ಲೆಕ್ಕಕ್ಕೆ ನಮ್ಮ ಅವ್ವನೇ.

ಎಲ್ಲ ಜೋಡಿಸಿ ಅಣ್ಣ ವ್ಯೂಫೈಂಡರಿಗೆ ಕಣ್ಣಿಟ್ಟ. ಚಿತ್ರ ಬಂತು, ಬೆಣ್ಣೆಯೂ ಬಂತು. ಆದರೆ ನಾನು ತಲೆಕೆಳಗಾಗಿ ನೇತಾಡುತ್ತಿದ್ದೆ. ಲೆನ್ಸು ಗಾಜಿನ ಮೇಲೆ ಚಿತ್ರವನ್ನು ತಿರುವುಮುರುವಾಗಿಯೇ ಬೀಳಿಸುತ್ತದೆ, ಅದು ಅದರ ಹುಟ್ಟುಗುಣ. ಮೇಲಿನದು ಕೆಳಗೆ, ಎಡದ್ದು ಬಲಕ್ಕೆ. ಹಾಗೇ ತೆಗೆದು ನೋಡೋಣವೆಂದು ಅಣ್ಣ ಗೂಡಲೂರಿನ ಒಂದು ನಿಶ್ಚಿತಾರ್ಥಕ್ಕೆ ಹೊರಟ. ಹುಡುಗಿ ಎಡಕ್ಕೆ ನಡೆದರೆ ವ್ಯೂಫೈಂಡರಿನಲ್ಲಿ ಬಲಕ್ಕೆ ಹೋಗುತ್ತಾಳೆ. ಅಣ್ಣ ಬಲಕ್ಕೆ ತಿರುಗಿ ತಿರುಗಿ, ಕೊನೆಗೆ ಹುಡುಗಿಯ ಬದಲು ಅಡುಗೆ ಭಟ್ಟನನ್ನು ಹಿಂಬಾಲಿಸಿಕೊಂಡು ಕೊಟ್ಟಿಗೆಗೆ ಹೋದ.

ಆಮೇಲೆ ಬಂದ ಭಾನುವಾರ ಅವನು ವ್ಯೂಫೈಂಡರನ್ನೇ ಬಿಚ್ಚಿದ. ಹೊಲಿಗೆ ಮೆಷೀನಿನ ಸಣ್ಣ ತಿರುಪುಳಿ, ಕೆಳಗೆ ಬಿಳಿ ಪಂಚೆ, ಅದರ ಮೇಲೆ ಸಾಲಾಗಿ ಸ್ಕ್ರೂಗಳು. ಅವ್ವ ಬಾಗಿಲಲ್ಲಿ ನಿಂತು, "ಅಯ್ಯೋ, ಅನ್ನ ಆಕೋ ಮಿಶಿನ್ನ ಕೋಳಿ ಕುಯ್ದಂಗೆ ಕುಯ್ತಾನಲ್ಲಾ" ಎಂದಳು. ಒಳಗೆ ಹೆಬ್ಬೆರಳಿನಷ್ಟು ಪುಟ್ಟ ಟೀವಿ ಇತ್ತು. ನಿಜವಾದ ಟೀವಿಯೇ, ಗಾಜಿನ ಕೊರಳು, ಕೊರಳಿಗೆ ತಾಮ್ರದ ತಂತಿಯ ಸುತ್ತು. ಆ ಸುತ್ತಿನಿಂದ ನಾಲ್ಕು ತಂತಿ ಹೊರಗೆ ಬಂದಿದ್ದವು. ಎರಡು ತಂತಿ ಚಿತ್ರವನ್ನು ಮೇಲೆ ಕೆಳಗೆ ಎಳೆಯುತ್ತವೆ, ಇನ್ನೆರಡು ಎಡಕ್ಕೆ ಬಲಕ್ಕೆ. ಒಂದೊಂದು ಜೋಡಿಯೊಳಗೆ ಇದನ್ನು ಅದರ ಜಾಗಕ್ಕೆ, ಅದನ್ನು ಇದರ ಜಾಗಕ್ಕೆ ಬೆಸುಗೆ ಹಾಕಿದರೆ ಚಿತ್ರ ಪೂರ್ತಿ ತಿರುಗುತ್ತದೆ. ಹೇಳಲು ಇಷ್ಟೇ. ಅಣ್ಣನ ಬೆರಳಿಗೆ ಒಮ್ಮೆ ಕರೆಂಟು ಹೊಡೆದು ಅವನು ಗೋಡೆಗೆ ಆತುಕೊಂಡ. ಟಾರ್ಚು ಹಿಡಿದಿದ್ದ ನಾನು ಟಾರ್ಚನ್ನು ಬಿಟ್ಟು ಬಾಗಿಲಾಚೆ ಓಡಿದೆ. ವಾಪಸು ಬಂದಾಗ ಅವನು ಅದನ್ನು ಬಾಯಲ್ಲಿ ಕಚ್ಚಿಕೊಂಡು ಕೆಲಸ ಮುಂದುವರಿಸಿದ್ದ.

ಸಂಜೆ ಹೊತ್ತಿಗೆ ಮುಚ್ಚಳ ಹಾಕಿ, ಕೊಳವೆ ಸಿಕ್ಕಿಸಿ, ನನ್ನನ್ನು ಮುರುಂಗೆ, ಅಂದರೆ ನುಗ್ಗೆ ಮರದ ಕೆಳಗೆ ನಿಲ್ಲಿಸಿ ನೋಡಿದ. ಬಹಳ ಹೊತ್ತು ಕಣ್ಣು ತೆಗೆಯಲೇ ಇಲ್ಲ.

"ತಮ್ಮಾ, ನೆಟ್ಟಗೆ ಕಾಣ್ತೀ ಕಣೋ."

ನನ್ನ ಬಗ್ಗೆ ಯಾರಾದರೂ ಹಾಗೆ ಹೇಳಿದ್ದು ಅದೇ ಮೊದಲು. ಮತ್ತೆ ಯಾರೂ ಹೇಳಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು, ಯಾಕೆಂದರೆ ನನ್ನ ಬುದ್ಧಿಗೇಡಿತನವೆಲ್ಲ ಅದರ ಮೇಲೆ ನಿಂತಿದೆ. ವ್ಯೂಫೈಂಡರಿನಲ್ಲಿ ನೆಟ್ಟಗೆ ಕಂಡರೂ ಟೇಪಿನೊಳಗೆ ಚಿತ್ರ ತಲೆಕೆಳಗಾಗಿಯೇ ಇರುತ್ತಿತ್ತು. ತೇನಿಯಲ್ಲಿ ಎಡಿಟಿಂಗ್ ಮಾಡುವವನೊಬ್ಬನಿದ್ದ. ಅವನ ಕಂಪ್ಯೂಟರಿನಲ್ಲಿ ಅದನ್ನು ತಿರುಗಿಸಿ, ಆಮೇಲೆ ಡಿಸ್ಕಿಗೆ ಹಾಕಬೇಕು. ಆದರೆ ಆ ದಿನ ತೆಗೆದದ್ದನ್ನು ಆ ದಿನವೇ ನೋಡದಿದ್ದರೆ ಅಣ್ಣನಿಗೆ ಊಟ ಸೇರುತ್ತಿರಲಿಲ್ಲ. ಹಾಗಾಗಿ ಅವನು ಮನೆಯ ಟೀವಿಯನ್ನು ತಲೆಕೆಳಗಾಗಿ ಇಟ್ಟ. ಗಾಳಿಯಾಡಲೆಂದು ಅಡಿಯಲ್ಲಿ ಎರಡು ಇಟ್ಟಿಗೆ. ಅಷ್ಟೇ. ಟೇಪು ನೆಟ್ಟಗೆ ಕಾಣತೊಡಗಿತು, ಲೋಕದ ಉಳಿದ ಕಾರ್ಯಕ್ರಮಗಳೆಲ್ಲ ತಲೆಕೆಳಗಾದವು.

ದೊಡ್ಡ ಟೀವಿ, ದಿನಕ್ಕೆರಡು ಸಲ ಹೊರಳಿಸುವಂಥದ್ದಲ್ಲ. ಅದು ಹಾಗೇ ಉಳಿಯಿತು. ಅವ್ವ ಮೊದಲ ವಾರ ಕತ್ತು ವಾಲಿಸಿ ಸೀರಿಯಲ್ ನೋಡಿದಳು. ಎರಡನೇ ವಾರ ಬೆಂಚಿನ ಮೇಲೆ ಮಲಗಿ ತಲೆಯನ್ನು ಅಂಚಿನಿಂದ ಕೆಳಗೆ ಜೋತುಬಿಟ್ಟು ನೋಡಿದಳು. ಆಮೇಲೆ ಎದ್ದು ಕೂತಳು, ಬೆಂಡೆಕಾಯಿ ಹೆಚ್ಚುತ್ತ ಆರಾಮವಾಗಿ ನೋಡತೊಡಗಿದಳು. "ಅಳೋರು ಎಂಗಿದ್ರೂ ಅಳ್ತಾರೆ" ಎಂದಳು. ಪಕ್ಕದ ಮನೆಯ ಅತ್ತೆ ಬಂದು ಒಂದು ಕಂತು ನೋಡಿ, ಕತ್ತು ಹಿಡಿದುಕೊಂಡು ಎಣ್ಣೆ ಹಚ್ಚಿಸಿಕೊಳ್ಳಲು ಹೋದಳು. ನನಗೂ ಅಭ್ಯಾಸವಾಯಿತು. ಕ್ರಿಕೆಟ್ಟಿನಲ್ಲಿ ಸಿಕ್ಸರು ಹೊಡೆದ ಚೆಂಡು ಕೆಳಮುಖವಾಗಿ ಹೋದರೂ ಕೈ ತಾನಾಗಿ ಚಪ್ಪಾಳೆ ತಟ್ಟುತ್ತಿತ್ತು. ಬೇರೆಯವರ ಮನೆಗೆ ಹೋದರೆ ಅಲ್ಲಿಯ ಟೀವಿ ನೋಡಿ ಇವರಿಗೇನಾಗಿದೆ ಎನಿಸುತ್ತಿತ್ತು. ಟೀವಿ ತಲೆಕೆಳಗಾಗಿದೆ ಎಂಬುದನ್ನು ನಮ್ಮ ಮನೆ ಮರೆತುಬಿಟ್ಟಿತು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರೆತವನು ನಾನು.

ಆ ವರ್ಷ ಕಾಮಯಗೌಂಡನ್‌ಪಟ್ಟಿಯ ನಮ್ಮವರೊಬ್ಬರ ಮನೆಯಲ್ಲಿ ಮದುವೆ ಬಂತು. ದೊಡ್ಡ ದ್ರಾಕ್ಷಿ ತೋಟದವರು. ಮದುವೆಯನ್ನು ತೋಟದಲ್ಲೇ, ಬಳ್ಳಿಯ ಪಂದಲಿನ, ಅಂದರೆ ಚಪ್ಪರದ, ಕೆಳಗೇ ಇಟ್ಟಿದ್ದರು. ಕಲ್ಯಾಣಮಂಟಪದೊಳಗಿನ ಬೆಳಕು ಕೊಳವೆಗೆ ಸಾಲುತ್ತಿರಲಿಲ್ಲ, ಬೆಳಕು ಕುಡಿಯುವ ಜಾತಿ ಅದು. ಬಯಲ ಮದುವೆ ಎಂದರೆ ಅಣ್ಣನ ಪಾಲಿಗೆ ದೇವರು ಕಳಿಸಿದ್ದು. ಇಡೀ ಮದುವೆಯನ್ನು ಕೊಳವೆಯಲ್ಲೇ ತೆಗೆಯುತ್ತೇನೆ ಎಂದ. ಈ ಒಂದನ್ನು ಜನ ನೋಡಿದರೆ ಸಾಕು, ಆಮೇಲೆ ಕಣಿವೆಯಲ್ಲಿ ಯಾರೂ ಬೇರೆ ತರಹ ಕೇಳುವುದಿಲ್ಲ ಎಂದ. ಹುಡುಗಿಯ ತಂದೆ ಅವನ ಉತ್ಸಾಹ ನೋಡಿ, ಇದು ಚೆನ್ನಾಗಿ ಬಂದರೆ ತೋಟವನ್ನು ನಿನಗೆ ಬಿಟ್ಟುಕೊಡುತ್ತೇನೆ, ನಿನ್ನ ಸಣ್ಣ ಸಿನಿಮಾವನ್ನು ಇಲ್ಲೇ ತೆಗಿ ಎಂದಿದ್ದರು. ನಮ್ಮ ಮಾತಿನಲ್ಲಿ, ನಮ್ಮ ಹೆಂಗಸರು ಬೈಯುವಂತೆಯೇ ಬೈಯುವ ಒಂದು ಸಿನಿಮಾ ತೆಗೆಯಬೇಕೆಂದು ಅಣ್ಣನಿಗೆ ಆಸೆಯಿತ್ತು. ನನಗೂ ಅದರಲ್ಲಿ ಪಾತ್ರವಿತ್ತು. ಸೋಮಾರಿಯದು. ತಾಲೀಮು ಬೇಕಿಲ್ಲ ಎಂದಿದ್ದ.

ಮದುವೆ ಮುಗಿಯಿತು. ನಮ್ಮಲ್ಲಿ ಮದುವೆಯ ಮೇಲೆ ಹೆಣ್ಣಿನ ಮನೆಯಲ್ಲಿ ಮರುಮನೆಯ ಊಟವುಂಟು. ಆ ಊಟದ ದಿನ ನೆಂಟರನ್ನೆಲ್ಲ ಕೂರಿಸಿ ಮದುವೆ ವೀಡಿಯೋ ಹಾಕುವುದು ಈಗಿನ ಶಾಸ್ತ್ರ. ಅಣ್ಣ ಇನ್ನೊಂದು ಲೆನ್ಸು ನೋಡಲು ದಿಂಡುಗಲ್ಲಿಗೆ ಹೊರಟಿದ್ದ. ಟೇಪನ್ನು ನನ್ನ ಕೈಗಿಟ್ಟು ಹೇಳಿದ: "ತೇನಿಗೆ ಓಗು. ತಿರುಗ್ಸಿ ಡಿಸ್ಕು ಮಾಡಿಸ್ಕೊಂಡು ನೇರ ಮರುಮನೆಗೆ ಬಾ. ನಾ ಅಲ್ಲಿಗೇ ಬತ್ತೀನಿ. ಮರೀಬ್ಯಾಡ, ತಿರುಗ್ಸಿ."

ಆ ದಿನ ಕ್ರಿಕೆಟ್ಟಿತ್ತು. ಒಂದೇ ಒಂದು ಓವರು ನೋಡಿ ಹೋಗೋಣವೆಂದು ಕೂತೆ. ಆಟ ಬಿಸಿಯಾಯಿತು. ಆಗ ನನಗೆ ಒಂದು ಯೋಚನೆ ಹೊಳೆಯಿತು. ನನಗೆ ಯೋಚನೆ ಹೊಳೆದಾಗಲೆಲ್ಲ ಯಾರಿಗಾದರೂ ಕೆಟ್ಟದಾಗಿದೆ. ಡಿಸ್ಕು ಮಾಡುವ ಪೆಟ್ಟಿಗೆ ಮನೆಯಲ್ಲೇ ಇದೆ. ಕ್ಯಾಮೆರಾದಿಂದ ಅದಕ್ಕೆ ತಂತಿ ಎಳೆದರೆ ಆಯಿತು, ತೇನಿಯವನ್ಯಾಕೆ? ಎಳೆದೆ. ಡಿಸ್ಕು ಬಂತು. ನಾನೇನೂ ಪರೀಕ್ಷೆ ಮಾಡದೆ ಕೊಡುವ ಬೇಜವಾಬ್ದಾರಿ ಮನುಷ್ಯನಲ್ಲ. ನಮ್ಮ ಟೀವಿಗೆ ಹಾಕಿ ನೋಡಿದೆ. ಮದುಮಗ, ಮದುಮಗಳು, ಪುರೋಹಿತ, ಎಲ್ಲರೂ ನೆಟ್ಟಗಿದ್ದರು.

"ಅವ್ವಾ, ಚೆನ್ನಾಗೈತಾ?" ಎಂದು ಕೇಳಿದೆ.

"ಲಕ್ಷಣವಾಗೈತೆ" ಎಂದಳು ಅವ್ವ.

ಅಣ್ಣ ಯಾಕೆ ಸುಮ್ಮನೆ ತೇನಿ ತೇನಿ ಎಂದು ಒದ್ದಾಡುತ್ತಾನೆ, ಒಮ್ಮೆ ಬುದ್ಧಿ ಹೇಳಬೇಕು ಎಂದುಕೊಂಡು, ಹೊಸ ಅಂಗಿ ತೊಟ್ಟು ಮರುಮನೆಗೆ ಹೊರಟೆ.

ಅಲ್ಲಿ ಹಜಾರದ ತುಂಬ ಜಮಖಾನ. ಮುಂದೆ ಮದುಮಗಳ ಅಜ್ಜಿ, ಪಕ್ಕದಲ್ಲಿ ಹೊಸ ಜೋಡಿ, ಹಿಂದೆ ಗೋಡೆಯವರೆಗೂ ನೆಂಟರು. ಊಟದ ಎಲೆ ಪಕ್ಕದ ಪಡಸಾಲೆಯಲ್ಲಿ; ನಾನು ರೂಢಿಯಂತೆ ಮೊದಲ ಪಂಕ್ತಿಯಲ್ಲಿ ಕೂತು, ಅಲ್ಲಿಂದಲೇ ಟೀವಿ ಕಾಣುವ ಜಾಗ ಹಿಡಿದಿದ್ದೆ. ಡಿಸ್ಕು ಹಾಕಿದರು. ಎಲ್ಲರೂ ಟೀವಿಯ ಕಡೆ ತಿರುಗಿದರು.

ದ್ರಾಕ್ಷಿ ಪಂದಲು ಕೆಳಗಿತ್ತು. ಗೊಂಚಲುಗಳು ಮೇಲ್ಮುಖವಾಗಿ ನಿಂತಿದ್ದವು. ನೆಲ ಮೇಲಿತ್ತು, ಅದರಿಂದ ಗಂಡು ಹೆಣ್ಣು ಬಾವಲಿಗಳಂತೆ ಜೋತಾಡುತ್ತಿದ್ದರು. ತಾಳಿ ಕಟ್ಟುವ ಹೊತ್ತಿಗೆ ಎಲ್ಲರೂ ಎಸೆದ ಅಕ್ಕಿ ಕಾಳು ಕೆಳಗಿನಿಂದ ಮೇಲಕ್ಕೆ ಸುರಿಯಿತು. ಮಕ್ಕಳು ಕೇಕೆ ಹಾಕಿ, ನೆಟ್ಟಗೆ ನೋಡಲೆಂದು ಕೈಯೂರಿ ಕಾಲು ಮೇಲೆತ್ತಿದವು. ಯಾರೋ ಮಾವ, "ಮಾಪಿಳ್ಳೆ, ವೇಷ್ಟಿ ಬಿಗಿಯಾಗಿ ಇಡ್ಕೊಳ್ಳಪ್ಪಾ, ಕಳಚ್ಕೊಂಡೀತು!" ಎಂದು, ಪಂಚೆ ಜಾರೀತೆಂಬಂತೆ, ಮದುಮಗನಿಗೆ ಕೂಗಿದ. ನಗೆ ಎದ್ದಿತು. ಆ ನಗೆಯನ್ನು ಅಜ್ಜಿ ಒಂದೇ ಕೂಗಿನಲ್ಲಿ ಕತ್ತರಿಸಿದಳು.

"ತಾಳಿ ಕಟ್ಟೋ ಒತ್ನಲ್ಲಿ ನಮ್ ಕೂಸಿನ ಕಾಲ ಮೇಲ್ ಮಾಡವ್ನಲ್ಲಾ! ಅಪಸಕುನ! ಆರ್ಲಾ ಅವ್ನು? ಅವ್ನ ಮಿಶಿನ್ನು ಸಿಡ್ದೋಗ!"

ಆ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಅಣ್ಣ ನಿಂತಿದ್ದ. ಕೈಯಲ್ಲಿ ಪೇಪರು ಸುತ್ತಿದ ಹೊಸ ಲೆನ್ಸು, ಮುಖದ ಮೇಲೆ ದಿಂಡುಗಲ್ಲಿನ ದಾರಿಯ ಧೂಳು. ಟೀವಿ ನೋಡಿದ. ಎಡಗಣ್ಣು ಮುಚ್ಚಲಿಲ್ಲ, ಎರಡೂ ಕಣ್ಣಿನಿಂದ ನೋಡಿದ. ಆಮೇಲೆ ಪಡಸಾಲೆಗೆ ಬಂದು, ನನ್ನ ಎಲೆಯ ಮುಂದೆ ಬಗ್ಗಿ, ಬೇರೆಯವರಿಗೆ ಕೇಳದಂತೆ ಕೇಳಿದ:

"ತೇನಿಗೆ ಓಗಿದ್ದೆ ತಾನೆ?"

ನಾನು ತಲೆಯಾಡಿಸಿದೆ.

ಅವನು ಇನ್ನೊಂದು ಮಾತು ಕೇಳಲಿಲ್ಲ. ನಂಬಿದ. ಹಜಾರಕ್ಕೆ ವಾಪಸು ಹೋಗಿ ಅಜ್ಜಿಯ ಮುಂದೆ ನಿಂತು, "ತಪ್ಪು ನಂದೇ ಅಜ್ಜಿ. ವ್ಯೂಫೈಂಡರು ಬಿಚ್ಚಿ ತಂತಿ ಬದ್ಲಾಯ್ಸಿದ್ದೆ. ನಾನೇ ಒಂದ್ಸಲ ನೋಡಿ ತರ್ಬೇಕಾಗಿತ್ತು" ಎಂದ. ತಂತಿಗೂ ಟೇಪಿಗೂ ಸಂಬಂಧವಿಲ್ಲ, ತೇನಿಯವನ ಹೆಸರೆತ್ತಬಾರದೆಂದು ಹಾಗೆಂದ. ವ್ಯೂಫೈಂಡರು ಎಂದರೇನೆಂದು ಅಲ್ಲಿ ಯಾರಿಗೂ ತಿಳಿಯದು. ಎಲ್ಲರಿಗೂ ತಿಳಿದದ್ದು ಇಷ್ಟು: ಇವನು ಚೆನ್ನಾಗಿದ್ದ ಕ್ಯಾಮೆರಾವನ್ನು ಬಿಚ್ಚಿ ಕೆಡಿಸಿದ. ದೃಷ್ಟಿ ಕಳೆಯಲು ಅವನ ಕೈಯಿಂದಲೇ ಕುಂಬಳಕಾಯಿ ನಿವಾಳಿಸಿ ಒಡೆಸಿದರು. ಅವನು ಒಡೆಯುವಾಗ ನಾನು ಪಾಯಸವನ್ನು ಬಾಯಲ್ಲಿ ಆಚೆ ಈಚೆ ಮಾಡುತ್ತಿದ್ದೆ. ಬೆಲ್ಲ ಹಾಕಿದ ಪಾಯಸ, ಏಲಕ್ಕಿ ಘಮಘಮ. ಅದೂ ನೆನಪಿದೆ ನನಗೆ, ನಾಚಿಕೆಗೇಡು.

ಮಾರನೆಯ ದಿನ ಅಣ್ಣ, ತೇನಿಯವನ ಬಳಿ ಹೋಗದೆ, ದಿಂಡುಗಲ್ಲಿನಲ್ಲಿ ತಾನೇ ತಿರುಗಿಸಿದ ಡಿಸ್ಕು ಮಾಡಿಸಿಕೊಂಡು ಹೋದ. ಮನೆಯವರು ಬಾಗಿಲಲ್ಲೇ ತೆಗೆದುಕೊಂಡರು. ಅಜ್ಜಿ ಅದನ್ನು ಬಾವಿಗೆ ಹಾಕಿಸಿದಳೆಂದು ಆಮೇಲೆ ಕೇಳಿದೆವು. ಸುದ್ದಿ ಬಸ್ಸಿಗಿಂತ ಮುಂಚೆ ಕಣಿವೆಯ ಆ ತುದಿ ಮುಟ್ಟಿತು. ಚಿನ್ನಮನೂರಿನಲ್ಲಿ ಒಬ್ಬ ನಮ್ಮನ್ನು ನೋಡಿ ಬಸ್ಸಿನೊಳಗೇ ಬಗ್ಗಿ ತನ್ನ ಕಾಲ ಸಂದಿಯಿಂದ ಇಣುಕಿದ. ಒಪ್ಪಿಕೊಂಡಿದ್ದ ಎರಡು ಮದುವೆಯವರು ಬೇರೆ ಕಡೆ ಹೋದರು. ತೋಟದವರು ಸಿನಿಮಾದ ಮಾತೆತ್ತಲಿಲ್ಲ, ಅಣ್ಣನೂ ಎತ್ತಲಿಲ್ಲ. ತೇನಿಯವನನ್ನು ಕೇಳೋಣವೇ ಎಂದು, ಡಿಸ್ಕು ಅಲ್ಲಿಂದಲೇ ಬಂತೆಂದು ನಂಬಿದ್ದ ಅವ್ವ ಹೇಳಿದಾಗ ಅಣ್ಣ, "ಬ್ಯಾಡ ಬುಡು. ಅವ್ನಿಗೂ ಎಂಡ್ರು ಮಕ್ಕಳವ್ರೆ. ಕೇಳಿ ಅವ್ನ ಮುಖ ಸಣ್ಣದು ಮಾಡಾದ್ಯಾಕೆ" ಎಂದ. ಪಾಪ, ತೇನಿಯವನಿಗೆ ತಾನು ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿತು. ಮಾಡಿದವನಿಗೆ ಅದರ ಅಗತ್ಯವೇ ಬೀಳಲಿಲ್ಲ.

ಒಂದು ಮಧ್ಯಾಹ್ನ ಅವನು ಮತ್ತೆ ಪಂಚೆ ಹಾಸಿದ. ವ್ಯೂಫೈಂಡರು ಬಿಚ್ಚಿದ. ಟಾರ್ಚು ನನ್ನ ಕೈಯಲ್ಲಿ. ಅವನು ನಾಲ್ಕೂ ತಂತಿಯನ್ನು ಮೊದಲಿದ್ದ ಜಾಗಕ್ಕೆ ಬೆಸುಗೆ ಹಾಕುತ್ತಿದ್ದ. ನಿಜ ಹೇಳಲು ನನಗೆ ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ನಾನು ಹೇಳಿದ್ದು, "ಆವತ್ತು ಮ್ಯಾಚು ಸೋತ್ರು ಗೊತ್ತಾ ಅಣ್ಣಾ" ಎಂದು.

"ಯಾವತ್ತು?" ಎಂದ ತಲೆಯೆತ್ತದೆ.

"ಒಂದ್ ದಿನ" ಎಂದೆ.

ಮುಚ್ಚಳ ಹಾಕಿ ಕಣ್ಣಿಟ್ಟು ನೋಡಿ, "ಈಗ ಎಲ್ಲ ಇದ್ದಂಗೈತೆ" ಎಂದ. ಟೀವಿಯನ್ನು ಇಬ್ಬರೂ ಹಿಡಿದು ನೆಟ್ಟಗೆ ಮಾಡಿದೆವು. ಅವ್ವನಿಗೆ ಎರಡು ದಿನ ತಲೆ ಸುತ್ತಿತು.

ಆಮೇಲೆ ಅವನು ಬಹಳ ವರ್ಷ ಎಲ್ಲರಂತೆ ಮದುವೆ ತೆಗೆದ. ಮಾವನೂ ಚೊಕ್ಕ, ನಾಯಿಯೂ ಚೊಕ್ಕ. ಅದೂ ಕಡಿಮೆಯಾದಾಗ ಪಾಸ್‌ಪೋರ್ಟ್ ಸೈಜು ಫೋಟೋ, ಜೆರಾಕ್ಸಿನ ಅಂಗಡಿ. ಕೊಳವೆಯನ್ನು ಅವ್ವ ಬಹಳ ಕಾಲ ಲಟ್ಟಣಿಗೆಯ ಪಕ್ಕ ಇಟ್ಟಿದ್ದಳು. ಅವಳು ಹೋದ ಮೇಲೆ ಅದೂ ಎಲ್ಲೋ ಹೋಯಿತು. ಎಡಗಣ್ಣು ಮುಚ್ಚುವ ಚಾಳಿಯೂ ಕಮ್ಮಿಯಾಗುತ್ತ ಬಂತು. ಒಮ್ಮೆ ಅಂಗಡಿಯಲ್ಲಿ ಕಾಲೇಜು ಹುಡುಗನೊಬ್ಬ ತನ್ನ ಮೊಬೈಲು ತೋರಿಸಿ, ಒಂದು ಗುಂಡಿ ಒತ್ತಿ ತನ್ನ ಗೆಳೆಯನ ಹಿಂದಿನ ಬಸ್ಸು, ಗೋಡೆ, ಜನ ಎಲ್ಲವನ್ನೂ ಕರಗಿಸಿದ. ಅಣ್ಣ ಆ ಮೊಬೈಲನ್ನು ಕೈಗೆ ತೆಗೆದುಕೊಂಡು ನೋಡಿದ. "ಬೆಣ್ಣೆ" ಎಂದ. ವಾಪಸು ಕೊಟ್ಟು, ಜೆರಾಕ್ಸಿಗೆ ಕಾಗದ ತುಂಬಿದ. ಆವತ್ತೂ ನಾನು ಅಲ್ಲೇ ಇದ್ದೆ. ಆವತ್ತೂ ಬಾಯಿ ಖಾಲಿಯಿತ್ತು.

ಈ ವರ್ಷ, ಅಣ್ಣನ ವರ್ಷಾಬ್ದಿ ಮುಗಿದ ಮೇಲೆ, ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದಳು. ಗುರುತು ಹತ್ತಲಿಲ್ಲ, ನೆಟ್ಟಗೆ ನಿಂತಿದ್ದಳಲ್ಲ. ಅವಳೇ ಹೇಳಿದಳು, ಆ ಮದುಮಗಳು ಎಂದು. ಮಗಳಿಗೆ ಅಮ್ಮನ ಮದುವೆ ನೋಡಬೇಕಂತೆ. ಹುಡುಗಿಗೆ ನಮ್ಮ ಕನ್ನಡ ಅರ್ಥವಾಗುತ್ತದೆ, ಆಡಲು ನಾಚಿಕೆ, ತಮಿಳಿನಲ್ಲೇ, "ಆ ತಲೆಕೆಳಗಿನ ವೀಡಿಯೋ ಇದೆಯಾ ಮಾಮಾ?" ಎಂದು ನಗುತ್ತ ಕೇಳಿದಳು.

ಟೇಪು ಇತ್ತು. ಕೊಳವೆಯಲ್ಲಿ ತೆಗೆದ ಟೇಪುಗಳಿಗೆಲ್ಲ ಅಣ್ಣ ಕೆಂಪು ದಾರ ಕಟ್ಟುತ್ತಿದ್ದ. ನಾನು ಅದನ್ನು ತೆಗೆದುಕೊಂಡು ತೇನಿಗೆ ಹೋದೆ. ಬ್ಯಾಗಿನಲ್ಲಿ ಹಳೆಯ ಕ್ಯಾಮೆರಾ, ಜೇಬಿನಲ್ಲಿ ಟೇಪು, ಕಿಟಕಿ ಪಕ್ಕದ ಸೀಟು. ಎಷ್ಟು ಸುಲಭದ ದಾರಿ! ಕಂಡಕ್ಟರು ಟಿಕೆಟ್ಟು ಕೊಟ್ಟಾಗ, ಇಷ್ಟು ತಡವಾಗಿ ಬಂದೆಯಾ ಎಂದು ಬೈದುಬಿಟ್ಟಾನೇನೋ ಎಂದು ಅವನ ಮುಖ ನೋಡಿದೆ. ಚಿಲ್ಲರೆ ಕೊಡಿ ಎಂದ. ಹಳೆಯ ಎಡಿಟಿಂಗ್‌ನವನ ಮಗ ಈಗ ಅಂಗಡಿ ನೋಡಿಕೊಳ್ಳುತ್ತಾನೆ. ಟೇಪನ್ನು ಕಂಪ್ಯೂಟರಿಗೆ ಹಾಕಿ, ತಿರುಗಿಸಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು ನೋಡಿದ. "ಅಣ್ಣೇ, ಇದೈ ಎಂದ ಕ್ಯಾಮೆರಾಲೇ ಎಡುತ್ತಾಂಗ?" ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಎಂದು ಕೇಳುತ್ತಿದ್ದ. ಬಚ್ಚಲ ಪೈಪು ಎಂದೆ. ಗೇಲಿ ಮಾಡುತ್ತಿದ್ದೇನೆ ಎಂದುಕೊಂಡ.

ಕಾಮಯಗೌಂಡನ್‌ಪಟ್ಟಿಯಲ್ಲಿ ಅದೇ ಹಜಾರ. ಟೀವಿ ಈಗ ಗೋಡೆಗೆ ಅಂಟಿಕೊಂಡಿದೆ, ಹೊರಳಿಸುವ ಮಾತಿಲ್ಲ. ಅಜ್ಜಿ ಇನ್ನೂ ಇದ್ದಾಳೆ, ಒಣದ್ರಾಕ್ಷಿಯ ಹಾಗೆ ಸುಕ್ಕಿ, ಕಿವಿ ಮುಕ್ಕಾಲು ಹೋಗಿ. ಅವಳನ್ನು ಟೀವಿಯ ಮುಂದೆಯೇ ಕೂರಿಸಿದ್ದರು. ಮನೆಯವರು, ಬೀದಿಯವರು, ಅಂದು ಕೈಯೂರಿ ಕಾಲೆತ್ತಿದ್ದ ಮಕ್ಕಳು ಈಗ ಮೀಸೆ ಹೊತ್ತು, ಎಲ್ಲರೂ ನಗಲು ಸಿದ್ಧರಾಗಿ ಬಂದಿದ್ದರು. ನನಗೂ ಪಡಸಾಲೆಯಲ್ಲಿ, ಟೀವಿ ಕಾಣುವ ಹಳೆಯ ಜಾಗದಲ್ಲೇ ಎಲೆ ಹಾಕಿದರು. ಪಾಯಸ ಬಡಿಸಿದರು. ಕೆಲವು ಮನೆಗಳು ಅಡುಗೆಯನ್ನೂ ಬದಲಿಸುವುದಿಲ್ಲ.

ಚಿತ್ರ ಬಂತು. ಯಾರೂ ನಗಲಿಲ್ಲ.

ಟೀವಿಯಲ್ಲಿ ಮದುಮಗಳು ತಲೆಯೆತ್ತಿ ಅಪ್ಪನನ್ನು ಹುಡುಕುತ್ತಿದ್ದಳು. ಅವಳ ರೆಪ್ಪೆಯ ತುದಿಯ ನೀರು ಕಾಣುತ್ತಿತ್ತು. ಹಿಂದಿನ ತೋಟವೆಲ್ಲ ಹಸಿರು ಬೆಣ್ಣೆಯಾಗಿ ನಿಂತಿತ್ತು. ಮಾವಂದಿರು, ಗದ್ದಲ, ನಾಯಿ, ಲೋಕವೇ ಹಿಂದೆ ಸರಿದು ಅವಳೊಬ್ಬಳಿಗೆ ಜಾಗ ಬಿಟ್ಟಿತ್ತು. ಅಪ್ಪ ಸಿಕ್ಕಿದ, ಅವಳ ಮುಖದ ಬಿಗಿ ಸಡಿಲವಾಯಿತು. ಅಕ್ಕಿ ಕಾಳು ಮೇಲಿನಿಂದ ಕೆಳಗೆ, ಬೀಳಬೇಕಾದ ಹಾಗೆಯೇ ಬಿತ್ತು. ಅವಳ ಭುಜದ ಹಿಂದೆ ಒಂದು ಬಿಳಿ ಮಬ್ಬು ಅಲ್ಲಾಡುತ್ತಿತ್ತು. ಆ ದಿನ ಅವಳ ಹಿಂದಿನಿಂದ ಲೈಟು ಹಿಡಿದಿದ್ದ ನಾನು. ಕಣ್ಣು, ಬಾಯಿ, ಏನೂ ಇಲ್ಲದ ಒಂದು ಕಲೆ.

ಚಿತ್ರ ಮುಗಿದಾಗ ಆ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡಳು. ಅಪ್ಪ ಹೋಗಿ ಬಹಳ ವರ್ಷವಾಗಿದೆಯಂತೆ. ಅಜ್ಜಿ ಟೀವಿಯ ಕಡೆ ಬೆರಳು ತೋರಿಸಿ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಕೈ ಒಳ್ಳೆ ಕೈ. ತಲೆ ಮಾತ್ರ ಸರಿ ಇರ್ಲಿಲ್ಲೆ, ಪಾಪ."

ಎಲ್ಲರೂ ಹೌದೆಂದು ಲೊಚಗುಟ್ಟಿದರು. ಒಬ್ಬ ಮೀಸೆಯವನು ನನ್ನ ಕಡೆ ತಿರುಗಿ, "ನಿಮ್ಮಣ್ಣ ಅದೊಂದು ಎಡವಟ್ಟು ಮಾಡ್ದೆ ಇದ್ದಿದ್ರೆ ಎಲ್ಲಿಗೋ ಓಗ್ತಿದ್ದ, ಅಲ್ಲವಾ ಮಾಮಾ?" ಎಂದ. ನನ್ನ ತಲೆ ಆಡಲು ಶುರುವಾಗಿತ್ತು. ಹಳೆಯ ಚಾಳಿ. ಕೈಯಿಂದ ಗದ್ದ ಹಿಡಿದು ನಿಲ್ಲಿಸಿದೆ. ಬಾಯಲ್ಲಿದ್ದ ಪಾಯಸ ನುಂಗಿದೆ.

"ಎಡವಟ್ಟು ನಾನು ಮಾಡಿದ್ದು ಅಜ್ಜಿ" ಎಂದೆ.

ಮೀಸೆಯವನಿಗೂ ಸರಿಯಾಗಿ ಕೇಳಿಸಿರಲಿಲ್ಲ. ಅಜ್ಜಿ ಕೈಯನ್ನು ಕಿವಿಗೆ ಮಡಿಸಿಟ್ಟಳು. "ಏನಂತಾನೆ?"

"ನಾನು ಅಂತೀನಿ. ಅಣ್ಣ ಅಲ್ಲ, ನಾನು."

"ಪಾಯಸ ಬೇಕಂತಾನೆ, ಬಡಿಸ್ರೇ!" ಎಂದಳು ಅಜ್ಜಿ. ಯಾರೋ ಓಡಿ ಬಂದು ಎಲೆಗೆ ಇನ್ನೊಂದು ಸೌಟು ಸುರಿದರು. ಮದುಮಗಳ ಮಗಳು ನನ್ನ ಮುಖ ನೋಡಿದಳು. ಅವಳಿಗೆ ಏನೋ ಅರ್ಥವಾಗಿರಬೇಕು, ಮೊದಲ ಬಾರಿಗೆ ನಮ್ಮ ಮಾತಿನಲ್ಲೇ, ತಡವರಿಸುತ್ತ, "ಮಾಮಾ, ಜೋರಾಗಿ ಅನ್ನಿ. ಅಜ್ಜಿಗೆ ಕೇಳಾಕಿಲ್ಲೆ" ಎಂದಳು.

ನಾನು ಎಲೆಯ ಮುಂದಿನಿಂದ ಎದ್ದೆ. ಊಟದ ನಡುವೆ ನಾನು ಎದ್ದದ್ದು ಅದೇ ಮೊದಲು. ಹಜಾರಕ್ಕೆ ಹೋಗಿ, ಅಣ್ಣ ಅಂದು ನಿಂತಿದ್ದ ಜಾಗದಲ್ಲಿ ನಿಂತು, ಅಜ್ಜಿಯ ಕಿವಿಗೂ ಬೀದಿಗೂ, ಅದರಾಚೆಯ ದ್ರಾಕ್ಷಿ ತೋಟಕ್ಕೂ ಕೇಳುವಂತೆ ಕೂಗಿದೆ:

"ಪಾಯಸ ಬ್ಯಾಡ ಅಜ್ಜೀ! ನಿಮ್ ಕೂಸಿನ ಮದ್ವೇನ ತಲೆಕೆಳಗ್ ಮಾಡ್ದೋನು ನಾನು! ತೇನಿಗೆ ಓಗು ಅಂದ, ಓಗ್ಲಿಲ್ಲೆ! ಓಗಿದ್ದೆ ಅಂತ ಸುಳ್ಳಾಡ್ದೆ! ಅವ್ನ ತಲೆ ಸರಿಯಾಗಿತ್ತು, ಅವ್ನ ತಂತಿ ಸರಿಯಾಗಿತ್ತು! ಅಣ್ಣಾ, ತಪ್ಪು ನಂದು! ಮನ್ನಿಸ್ಬುಡು ಅಣ್ಣಾ!"